ಪಿಚ್ಚರ್ ಓಡ್ತಾ?

ಜೇಸಿ ರೋಡಿನಲ್ಲಿ ಕಾರಿನ ಸೀಟಿಗೆ ಕವರು ಹೊಲಿಯುವವನು ನಾನು.
ರೇಣುಪ್ರಸಾದ ಬಂದ, ಕೂತ, ಚಾ ಕುಡಿದು
"ದಸ್ತಗೀರ್ ಸಾಬ್ರೇ, ಒಂದು ಭೂತ ಹೊಲೀಬೇಕು" ಅಂದ.
ಭೂತ ಅಲ್ಲ, ಪ್ರಾಣಿ. ಕೆರೆಯ ನೊರೆಯಲ್ಲಿ ಹುಟ್ಟಿದ್ದು.
ಎತ್ತರ ಏಳಡಿ. ಬಜೆಟ್ಟು? ಲೋಟ ಓರೆ ಮಾಡಿ ತೋರಿಸಿದ,
ತಳದಲ್ಲಿ ಉಳಿದಿದ್ದ ಚಾದಷ್ಟು.

ಮದುವೆ ವಿಡಿಯೋ ತೆಗೆಯುವ ಹುಡುಗ.
ಊಟದ ಪಂಕ್ತಿಯಲ್ಲಿ ಜನ ಬಾಯಿ ತೆರೆಯುವುದನ್ನೇ
ಹತ್ತು ವರ್ಷ ಹತ್ತಿರದಿಂದ ನೋಡಿ ನೋಡಿ
ಹೊಳೆದ ಕತೆಯಂತೆ.

ಅಳತೆ ಕೊಡಲು ಬಂದವನು ಪಿಳ್ಳಪ್ಪ, ನೀರಿನ ಟ್ಯಾಂಕರಿನ ಕ್ಲೀನರು.
ಎದೆ ನಲವತ್ನಾಲ್ಕು. ಕುತ್ತಿಗೆ ಅಂತ ಏನೂ ಇಲ್ಲ.
"ಉಸಿರಿಗೆ ತೂತು ಬಿಡಿ" ಅಂದ. ಎರಡು ಬಿಟ್ಟೆ.
ಹಳೇ ಬಸ್ಸಿನ ಸ್ಪಂಜು ಮೈಗೆ, ಹಸಿರು ರೆಕ್ಸಿನ್ ಚರ್ಮಕ್ಕೆ,
ಯಾರೋ ಎಮ್ಮೆಲ್ಲೆಯ ಜೀಪಿನಲ್ಲಿ ಉಳಿದ ಕೆಂಪು ತುಂಡು ನಾಲಿಗೆಗೆ,
ಹಲ್ಲಿಗೆ ಪೀವೀಸಿ ಪೈಪು,
ಕಣ್ಣಿಗೆ ಅಂಬಾಸಿಡರಿನ ಇಂಡಿಕೇಟರು.
ಬೆನ್ನಿಗೆ ಜಿಪ್ಪು, ಕತ್ತಿನಿಂದ ಬಾಲದವರೆಗೆ.
ಹೊಲಿಗೆ ಡಬಲ್. ಕಡಿಮೆ ಕಾಸಿನ ಕೆಲಸ ಅಂತ
ಕೈ ಸಡಿಲ ಬಿಟ್ಟವನಲ್ಲ ನಾನು.

ಮೂರು ರಾತ್ರಿ, ವರ್ತೂರು ಕೆರೆ ದಂಡೆ.
ನೊರೆ ಮಾತ್ರ ಪುಕ್ಕಟೆ:
ಇಡೀ ಊರು ಬಟ್ಟೆ ಒಗೆದು, ಪಾತ್ರೆ ಬೆಳಗಿ, ಹೇತು ಕಳಿಸಿದ್ದು
ಆಳೆತ್ತರ ಎದ್ದು ರೋಡಿಗೆ ಹಾರುತ್ತಿತ್ತು, ಸ್ಕೂಟರಿನವರ ಮುಖಕ್ಕೆ.
ಅದಕ್ಕೇ ಹೆದರದ ಊರು
ನನ್ನ ರೆಕ್ಸಿನ್ನಿಗೆ ಹೆದರುತ್ತದಾ ಅಂತ ಆಗಲೇ ಅನುಮಾನ.

ಸ್ಪಂಜು ನೀರು ಕುಡಿಯುತ್ತದೆ. ನನಗೂ ಹೊಳೆದಿರಲಿಲ್ಲ.
ದಡಕ್ಕೆ ಬರುವಷ್ಟರಲ್ಲಿ ಪ್ರಾಣಿ ಒಂದು ಕ್ವಿಂಟಾಲ್.
ಓಡಿ ಬಂದು ನಾಯಕಿಯನ್ನು ಹಿಡಿಯಬೇಕಾದ್ದು
ತುಂಬು ಗಬ್ಬದ ಎಮ್ಮೆಯ ಹಾಗೆ ಒಂದೊಂದೇ ಹೆಜ್ಜೆ.
ಅವಳು, ಪಾಪ, ಎರಡು ಸಲ ಎಡವಿ ಬಿದ್ದು ಕಾದಳು.

ಮಾಗಡಿ ರೋಡಿನ ಟಾಕೀಸು, ಬೆಳಗಿನ ಆಟ. ಹದಿನಾರು ಜನ,
ಅದರಲ್ಲಿ ಐವರು ನಾವೇ.
ಎಡಗಣ್ಣು ಮಾತ್ರ ಮಿಣುಕ್ ಮಿಣುಕ್ ಅಂದಾಗ
ಹಿಂದಿನಿಂದ ಒಬ್ಬ ಕೂಗಿದ: "ಲೆಫ್ಟ್ ತಗೋ ಗುರೂ!"
ನಾನೂ ನಕ್ಕೆ. ಏನು ಮಾಡಲಿ.
ಜಿಪ್ಪು ಕಂಡಾಗ ಸಿಳ್ಳೆ.

ಆಮೇಲೆ ಆ ಶಾಟು ಬಂತು.
ಪ್ರಾಣಿ ನೊರೆಯ ನಡುವೆ ನಿಂತು ತನ್ನ ಎದೆಯನ್ನೇ ಪರಚಿಕೊಳ್ಳುತ್ತದೆ,
ಬೆನ್ನಿಗೆ ಕೈ ಎಟುಕದೆ ಸುತ್ತುತ್ತದೆ,
ಮೊಣಕಾಲೂರುತ್ತದೆ.
ಸಂಗೀತಕ್ಕೆ ಕಾಸಿರಲಿಲ್ಲ.
ಒಂಬತ್ತು ಸೆಕೆಂಡು, ಟಾಕೀಸಿನಲ್ಲಿ ಬರೀ ಫ್ಯಾನಿನ ಸದ್ದು.
ಮುಂದಿನ ಸಾಲಿನ ಮಗು ಅಪ್ಪನ ಅಂಗಿಯೊಳಗೆ ತಲೆ ತೂರಿಸಿತು.
ಸಿಳ್ಳೆ ಹೊಡೆದವನು ಕಾಲೆರಡೂ ಎತ್ತಿ ಸೀಟಿನ ಮೇಲಿಟ್ಟುಕೊಂಡ.

ಅದು ನಟನೆಯಲ್ಲ ಅಂತ ಗೊತ್ತಿದ್ದವರು ನಾವು ಐವರು.
ಮೂರನೇ ರಾತ್ರಿ ನೆಂದ ಜಿಪ್ಪು ಕಚ್ಚಿಕೊಂಡಿತ್ತು.
ತೂತೆರಡಕ್ಕೂ ನೊರೆ ಮೆತ್ತಿತ್ತು.
ರೇಣು "ಸೂಪರ್, ಸೂಪರ್" ಅನ್ನುತ್ತ ಕ್ಯಾಮೆರಾ ಬಿಡಲಿಲ್ಲ.
ಕತ್ತರಿ ಹಿಡಿದು ಸೊಂಟದ ಮಟ್ಟ ಇಳಿದೆ,
ನನ್ನ ಹೊಲಿಗೆಗೇ ಕತ್ತರಿ ಹಾಕಿದೆ. ಬಿಡಲಿಲ್ಲ.
ನಲವತ್ತು ವರ್ಷದಲ್ಲಿ ಅವತ್ತೊಂದು ದಿನ
ನನ್ನ ಕೈಗೆ ನಾನೇ ಶಾಪ ಹಾಕಿದೆ.
ಕೊನೆಗೆ ಸೀಳಿತು. ಪಿಳ್ಳಪ್ಪ ಹೊರಬಿದ್ದ,
ಕರು ಬೀಳುವ ಹಾಗೆ, ಹಬೆಯಾಡುತ್ತ.

ಪಿಚ್ಚರ್ ಓಡ್ತಾ ಅಂತ ಅಂಗಡಿಗೆ ಬಂದವರು ಕೇಳುತ್ತಾರೆ.
ಶುಕ್ರವಾರ ಬಂತು, ಭಾನುವಾರ ಪೋಸ್ಟರಿನ ಮೇಲೆ
ಮೂಲವ್ಯಾಧಿ ಡಾಕ್ಟರ ಕಾಗದ ಬಂತು.
ಒಂಬತ್ತು ಸೆಕೆಂಡು ಓಡ್ತು ಅನ್ನುತ್ತೇನೆ. ನಗುತ್ತಾರೆ.
ಪ್ರಾಣಿಯನ್ನು ಮಾಳಿಗೆಯಲ್ಲಿ ಒಣಗಿಸಿ, ಬಿಚ್ಚಿ,
ಮೂರು ಆಟೋಗೆ ಸೀಟು ಮಾಡಿದೆ.
ಅದರ ಹೊಟ್ಟೆಯ ಮೇಲೆ ಕೂತು ಯಾರೋ ಈಗ
ಮೀಟರಿನ ಮೇಲೆ ಇಪ್ಪತ್ತಕ್ಕೆ ಚೌಕಾಸಿ ಮಾಡುತ್ತಿರಬಹುದು.

ನಿನ್ನೆ ಪಿಳ್ಳಪ್ಪ ಬಂದಿದ್ದ. ರೇಣು ಪಾರ್ಟ್ ಟೂ ಮಾಡ್ತಾನಂತೆ.
"ನಾನೇ ಹಾಕ್ಕೋತೀನಿ" ಅಂತ ಟೇಪಿಗೆ ಎದೆಯೊಡ್ಡಿದ.
ನಲವತ್ತಾರಾಗಿದೆ.
"ಜಿಪ್ಪು ಮಾತ್ರ ಈ ಸಲ
ಒಳಗಡೆಗೆ ಇಡಿ ಸಾಬ್ರೇ."